ಪಾಠ 12: ಕುಂಟೆಬಿಲ್ಲೆ ಮನೆ

ಅಕ್ಕಂದಿರೇ,

ನೀವು ಚಿಕ್ಕವರಿದ್ದಾಗ ಯಾವ ಆಟ ಆಡುತ್ತಿದ್ದಿರಿ? ನೆನಪು ಮಾಡಿಕೊಳ್ಳಿ. ಕಲ್ಲಾಟ, ಕಣ್ಣಾಮುಚ್ಚಾಲೆ, ಲಗೋರಿ, ಕುಂಟೆಬಿಲ್ಲೆ. ಕೆಲವರಿಗೆ ಆಡುವ ಪುಣ್ಯವೇ ಇರಲಿಲ್ಲ. ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು, ಬೇರೆಯವರ ಆಟ ನೋಡಿದ್ದೇ ಬಂತು.

ನಮ್ಮ ಕಲಿಕೆ ಕೇಂದ್ರದಲ್ಲಿ ನಡೆದ ಒಂದು ಸಂಗತಿ ಹೇಳುತ್ತೇನೆ. ನಿಧಾನವಾಗಿ ಓದಿ.

ಒಂದು ಸಂಜೆ ಅಂಕಿ ಕಲಿಯುತ್ತಿದ್ದೆವು. ಒಬ್ಬ ಅಕ್ಕನಿಗೆ ೬ ಮತ್ತು ೯ ಅದಲು ಬದಲಾಗುತ್ತಿತ್ತು. ಮೂರು ದಿನದಿಂದ ಹೀಗೇ. ಕೊನೆಗೆ ಸ್ಲೇಟು ಕೆಳಗಿಟ್ಟರು.

"ನನ್ ತಲೆಗೆ ಹತ್ತಲ್ಲ ಬಿಡಿ ಟೀಚರಮ್ಮ. ನಾಳೆಯಿಂದ ಬರಲ್ಲ" ಅಂದರು.

ಪಕ್ಕದಲ್ಲಿದ್ದ ಅಜ್ಜಿ ಎದ್ದರು. "ಬಾರೇ ಹೊರಗೆ" ಅಂದರು. ಅಂಗಳದಲ್ಲಿ ಕಡ್ಡಿಯಿಂದ ಗೆರೆ ಎಳೆದರು. ಉದ್ದಕ್ಕೆ ಐದು ಮನೆ. ಅದರ ಪಕ್ಕ ಇನ್ನೈದು. ಒಟ್ಟು ಹತ್ತು. ಒಡೆದ ಹೆಂಚಿನ ಚೂರು ತಂದರು. ಅದೇ ಬಿಲ್ಲೆ.

ನಾವು ಮನೆಗಳಲ್ಲಿ ೧ರಿಂದ ೧೦ರವರೆಗೆ ಅಂಕಿ ಬರೆದೆವು. ನಾನು ಒಂದು ಷರತ್ತು ಹಾಕಿದೆ. ಬಿಲ್ಲೆ ಬಿದ್ದ ಮನೆಯ ಅಂಕಿಯನ್ನು ಗಟ್ಟಿಯಾಗಿ ಓದಬೇಕು. ಆಮೇಲೆ ಕುಂಟಬೇಕು.

ಎಲ್ಲರೂ ಸೆರಗು ಸಿಕ್ಕಿಸಿದರು. ಆಟ ಶುರುವಾಯಿತು. ನಗು ಬೀದಿಗೆ ಕೇಳಿಸಿತು. ಅರಳಿಕಟ್ಟೆಯಿಂದ ಹಿರಿಯರೊಬ್ಬರು ಕೂಗಿದರು. "ಏನ್ರಮ್ಮಾ, ಈ ವಯಸ್ಸಲ್ಲಿ ಕುಣಿತಾನಾ?"

ಅಜ್ಜಿ ಸುಮ್ಮನಿರಲಿಲ್ಲ. "ನೀನು ದಿನಾ ಕಟ್ಟೆ ಮೇಲೆ ಹುಲಿ-ಕುರಿ ಆಟ ಆಡ್ತೀಯಲ್ಲಪ್ಪ. ನಿನ್ನ ವಯಸ್ಸು ನಾವು ಕೇಳಿದ್ವಾ?" ಅಂದರು. ಅವರೂ ನಕ್ಕುಬಿಟ್ಟರು.

ಮರುದಿನ ಅಂಗಳಕ್ಕೆ ಸಗಣಿ ನೀರು ಚಿಮುಕಿಸಿ ಗುಡಿಸಿದ್ದರು. ಒಬ್ಬರು ರಂಗೋಲಿ ಪುಡಿ ತಂದಿದ್ದರು. ಕಡ್ಡಿಯ ಗೆರೆಯ ಮೇಲೆ ರಂಗೋಲಿ ಗೆರೆ ಬಂತು. ಒಂದು ಮನೆಯಲ್ಲಿ ಹೂವು. ಒಂದರಲ್ಲಿ ಬಳ್ಳಿ. ಒಂದರಲ್ಲಿ ನವಿಲು. ನಡುವೆ ಅಂಕಿ. ಕುಂಟುತ್ತಾ ಹೋದರೆ ಚಿತ್ರ ಅಳಿಸುತ್ತಿತ್ತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. "ನಾಳೆ ಬೇರೆ ಬಿಡಿಸೋಣ" ಅಂದರು.

"ಬರಲ್ಲ" ಅಂದಿದ್ದ ಅಕ್ಕನೂ ಬಂದಿದ್ದರು. ಎಂಟು ದಿನ ತಪ್ಪದೆ ಬಂದರು. ಎಂಟನೆಯ ದಿನ ಎಲ್ಲ ಮನೆ ದಾಟಿದರು. ಬೆನ್ನು ತಿರುಗಿಸಿ ನಿಂತು, ತಲೆಯ ಮೇಲಿಂದ ಬಿಲ್ಲೆ ಎಸೆದರು. ತಿರುಗಿ ನೋಡಿದರು.

"೯!" ಅಂತ ಕೂಗಿದರು. ತಪ್ಪಲಿಲ್ಲ. ಅದು ೯ರ ಮನೆಯೇ.

ಗೆದ್ದ ಮನೆಯಲ್ಲಿ ಎರಡೂ ಕಾಲು ಊರಬಹುದು. ಅಕ್ಕ ಹೋಗಿ ಎರಡೂ ಕಾಲು ಊರಿ ನಿಂತರು. ಹೊರಗೆ ಬರಲೇ ಇಲ್ಲ.

"ಇದು ನನ್ನ ಮನೆ. ಇಲ್ಲಿಂದ ಹೋಗು ಅಂತ ಯಾರೂ ಅನ್ನೋ ಹಾಗಿಲ್ಲ" ಅಂದರು.

ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಿ ರಂಗೋಲಿ ಬಟ್ಟಲು ಮುಂದೆ ಹಿಡಿದರು. "ಹೆಸರು ಬರಿ" ಅಂದರು. ಅಕ್ಕ ಕೂತು, ಒಂದೊಂದೇ ಅಕ್ಷರ ಬರೆದರು. ಸ್ಲೇಟು ಬಿಟ್ಟು ಹೊರಗೆ ಅವರು ತಮ್ಮ ಹೆಸರು ಬರೆದದ್ದು ಅದೇ ಮೊದಲು.

ಆಡುವ ಬಗೆ

1. ಗೆರೆಯ ಹೊರಗೆ ನಿಂತು, ಮೊದಲ ಮನೆಗೆ ಬಿಲ್ಲೆ ಹಾಕಿ.
2. ಒಂಟಿ ಕಾಲಲ್ಲಿ ಕುಂಟಿ. ಅದೇ ಕಾಲಲ್ಲಿ ಬಿಲ್ಲೆಯನ್ನು ಮನೆಯಿಂದ ಮನೆಗೆ ತಳ್ಳಿ. ಕೊನೆಗೆ ಹೊರಗೆ ತನ್ನಿ.
3. ಕಾಲು ಅಥವಾ ಬಿಲ್ಲೆ ಗೆರೆ ಮುಟ್ಟಿದರೆ ಔಟು. ಮುಂದಿನವರ ಸರದಿ.
4. ಆಮೇಲೆ ಎರಡನೇ ಮನೆ, ಮೂರನೇ ಮನೆ. ಹೀಗೆ ಎಲ್ಲ ಮನೆ ಮುಗಿಸಿ.
5. ಬೆನ್ನು ತಿರುಗಿಸಿ ಬಿಲ್ಲೆ ಎಸೆಯಿರಿ. ಅದು ಬಿದ್ದ ಮನೆ ನಿಮ್ಮದು. ಬೇರೆಯವರು ಅದನ್ನು ದಾಟಿ ಹೋಗಬೇಕು.

ಮಂಡಿ ನೋವು ಇರುವವರು, ಬಸುರಿಯರು ಕುಂಟಬೇಡಿ. ಬಿಲ್ಲೆ ಎಸೆದು ಅಂಕಿ ಓದಿ. ರಂಗೋಲಿ ಬಿಡಿಸಿ.

ನಿಮಗೆ ಗೊತ್ತೇ?

ಈ ಆಟಕ್ಕೆ ಖರ್ಚಿಲ್ಲ. ಒಂದು ಚೂರು ಹೆಂಚು, ಒಂದಷ್ಟು ನೆಲ ಸಾಕು. ಅದಕ್ಕೇ ಇದು ಎಷ್ಟೋ ನಾಡುಗಳಲ್ಲಿದೆ. ತಮಿಳಿನವರು ಪಾಂಡಿ ಅನ್ನುತ್ತಾರೆ. ತೆಲುಗಿನವರು ತೊಕ್ಕುಡು ಬಿಳ್ಳ ಅನ್ನುತ್ತಾರೆ. ಫ್ರಾನ್ಸ್ ದೇಶದಲ್ಲಿ ಕೊನೆಯ ಮನೆಗೆ ಆಕಾಶ ಎಂದು ಹೆಸರು.

ದೊಡ್ಡವರು ಆಡುವುದೂ ಹೊಸದಲ್ಲ. ಹಂಪಿಯ ಕಲ್ಲು ಹಾಸಿನ ಮೇಲೆ ಹಳೆಯ ಆಟಗಳ ಮನೆ ಕೆತ್ತಿರುವುದನ್ನು ಇಂದಿಗೂ ನೋಡಬಹುದು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ ಚೌಕಾಬಾರ, ಅಳಗುಳಿ ಮಣೆಯಂಥ ಆಟಗಳ ಪ್ರದರ್ಶನ ನಡೆಸಿದೆ. ಕುಶಲಕರ್ಮಿಗಳು ಕೈಯಿಂದ ಮಾಡಿದ ಅಂದದ ಮಣೆಗಳನ್ನು ಅಲ್ಲಿ ಇಟ್ಟಿದ್ದರು. ಬೆಲ್ಜಿಯಂ ದೇಶದಲ್ಲಿ ಹುಟ್ಟಿದ ಫ್ರಾನ್ಸಿಸ್ ಆಲಿಸ್ ಎಂಬ ಕಲಾವಿದರಿದ್ದಾರೆ. ಅವರು 1999ರಿಂದ ಬೇರೆ ಬೇರೆ ದೇಶಗಳ ಮಕ್ಕಳ ಆಟಗಳ ಚಿತ್ರ ತೆಗೆದಿದ್ದಾರೆ. 2022ರಲ್ಲಿ ಇಟಲಿಯ ವೆನಿಸ್ ಊರಿನ ದೊಡ್ಡ ಕಲಾಮೇಳದಲ್ಲಿ ಅವನ್ನು ಜನ ನೋಡಿದರು.

ದಿನಾ ಬಾಗಿಲಲ್ಲಿ ರಂಗೋಲಿ ಹಾಕುವ ನಿಮ್ಮ ಕೈಯಲ್ಲೂ ಕಲೆ ಇದೆ.

ಓದಿ
ಬಿಲ್ಲೆ, ಗೆರೆ, ಮನೆ, ಕುಂಟು, ಸರದಿ, ರಂಗೋಲಿ, ಹೆಸರು

ಉತ್ತರ ಹೇಳಿ
1. ಅಕ್ಕ ಸ್ಲೇಟು ಯಾಕೆ ಕೆಳಗಿಟ್ಟರು?
2. ಅಜ್ಜಿ ಕಟ್ಟೆಯ ಮೇಲಿದ್ದ ಹಿರಿಯರಿಗೆ ಏನು ಹೇಳಿದರು?
3. ಗೆದ್ದ ಮನೆಯಿಂದ ಅಕ್ಕ ಯಾಕೆ ಹೊರಗೆ ಬರಲಿಲ್ಲ? ನಿಮಗೆ ಏನನ್ನಿಸುತ್ತದೆ?

ಮಾಡಿ
1. ಅಂಗಳದಲ್ಲಿ ಹತ್ತು ಮನೆ ಬರೆಯಿರಿ. ಅಂಕಿ ತುಂಬಿ. ಆಡಿ.
2. ಗೆದ್ದ ಮನೆಯಲ್ಲಿ ನಿಮ್ಮ ಹೆಸರು ಬರೆಯಿರಿ.
3. ನಿಮ್ಮ ಮನೆ ಕಂದಾಯದ ರಸೀದಿ ತನ್ನಿ. ಅದರಲ್ಲಿ ಯಾರ ಹೆಸರಿದೆ? ನೀವೇ ಓದಿ. ಎಲ್ಲರೂ ಕೂತು ಮಾತಾಡಿ.