ಗಾಡಿಯ ಉಸಿರು: ಹಳೆಯ ಬೈಕಿನ ಏರ್ ಫಿಲ್ಟರ್ ನೋಡಿಕೊಳ್ಳುವುದು ಹೇಗೆ?



ಈ ಸಲದ ಪಾಠ ಬೈಕಿನ ಬಗ್ಗೆ. "ಇದೇನು ಸಿಸ್ಟರ್, ಗಂಡಸರ ವಿಷಯ ನಮಗ್ಯಾಕೆ?" ಅಂತ ನೀವು ಕೇಳಬಹುದು. ಕಾರಣ ಹೇಳುತ್ತೇನೆ.

ಒಂದು ಸಂಘದ ಸಭೆಯಲ್ಲಿ ಒಬ್ಬ ತಾಯಿ ಬೈಕಿನ ಎಂಜಿನ್ ರಿಪೇರಿಗೆ 8,000 ರೂಪಾಯಿ ಸಾಲ ಕೇಳಿದರು. ಹಳೆಯ ಹೀರೋ ಹೋಂಡಾ ಸ್ಪ್ಲೆಂಡರ್. ಡೇರಿಗೆ ಹಾಲು, ಸಂತೆಗೆ ಸೊಪ್ಪು ಹೋಗುವುದು ಅದರಲ್ಲೇ. ಸಾಲದ ಪುಸ್ತಕ ತಿರುವಿದರೆ, ಒಂದೂವರೆ ವರ್ಷದ ಹಿಂದೆಯೂ ಇದೇ ಗಾಡಿಗೆ ಇದೇ ಕೆಲಸಕ್ಕೆ ಸಾಲ ಹೋಗಿದೆ! ಬೇರೆ ಮೆಕ್ಯಾನಿಕ್‌ಗೆ ತೋರಿಸಿ ಎಂದೆವು. ಫಿಲ್ಟರ್ ಡಬ್ಬಿಯಿಂದ ಕಾರ್ಬೊರೇಟರ್‌ಗೆ ಹೋಗುವ ರಬ್ಬರ್ ಪೈಪು ಕೆಳಗಡೆ ಸೀಳಿತ್ತು. ಮೊದಲ ಸಲ ಎಂಜಿನ್ ಬಿಚ್ಚಿ ಹೊಸ ಪಿಸ್ಟನ್ ಹಾಕಿದವರು ಆ ಪೈಪನ್ನು ನೋಡಿರಲಿಲ್ಲ. ಸೀಳಿನಿಂದ ಧೂಳು ನೇರವಾಗಿ ಒಳಗೆ ಹೋಗಿ ಹೊಸ ಪಿಸ್ಟನ್ನನ್ನೂ ಸವೆಸಿತ್ತು. ಕೆಲವು ನೂರು ರೂಪಾಯಿಯ ರಬ್ಬರಿಗಾಗಿ ಆ ತಾಯಿ ಎರಡು ಸಲ ಕಂತು ಕಟ್ಟಬೇಕಾಯಿತು. ಕಂತು ಕಟ್ಟುವವಳಿಗೆ ಗಾಡಿಯ ವಿಷಯ ಗೊತ್ತಿರಬಾರದೇ?

ಒಲೆಗೆ ಗಾಳಿ ಸಾಲದಿದ್ದರೆ ಏನಾಗುತ್ತದೆ? ಸೌದೆ ಉರಿಯದೆ ಹೊಗೆ ಬರುತ್ತದೆ, ಪಾತ್ರೆ ಕಪ್ಪಾಗುತ್ತದೆ. ಎಂಜಿನ್ನೂ ಹಾಗೆಯೇ. 1 ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 15 ಗ್ರಾಂ ಗಾಳಿ ಬೇಕು. ಲೆಕ್ಕ ಹಾಕಿದರೆ 1 ಲೀಟರ್ ಪೆಟ್ರೋಲಿಗೆ ಹತ್ತಿರಹತ್ತಿರ 9,000 ಲೀಟರ್ ಗಾಳಿ! ಅಷ್ಟನ್ನೂ ಸೋಸುವ ಜರಡಿಯೇ ಏರ್ ಫಿಲ್ಟರ್. ನಮ್ಮ ಮಣ್ಣು ರಸ್ತೆಗಳು, ಸುಗ್ಗಿಯಲ್ಲಿ ರಸ್ತೆ ಮೇಲೆಯೇ ರಾಗಿ ಒಕ್ಕುವಾಗ ಏಳುವ ಹೊಟ್ಟು, ಇವೆಲ್ಲ ಸೇರಿ ಅದು ಬೇಗ ಕಟ್ಟಿಕೊಳ್ಳುತ್ತದೆ. ಆಗ ಗಾಳಿ ಕಡಿಮೆ, ಪೆಟ್ರೋಲ್ ಜಾಸ್ತಿ. ಮೈಲೇಜ್ ಇಳಿಯುತ್ತದೆ, ಏರಿನಲ್ಲಿ ಗಾಡಿ ಎಳೆಯುವುದಿಲ್ಲ, ಕಪ್ಪು ಹೊಗೆ ಬರುತ್ತದೆ, ಪ್ಲಗ್ ಬಿಚ್ಚಿದರೆ ಮಸಿ. ನೀಲಿ ಛಾಯೆಯ ಹೊಗೆ ಬಂದರೆ ವಿಷಯವೇ ಬೇರೆ. ಅದು ಎಂಜಿನ್ ಆಯಿಲ್ ಉರಿಯುತ್ತಿರುವ ಹೊಗೆ. ಒಳಗಿನ ರಿಂಗುಗಳು ಸವೆದಿದ್ದರೆ ಫಿಲ್ಟರ್ ಬದಲಿಸಿದ ಮಾತ್ರಕ್ಕೆ ಅದು ನಿಲ್ಲುವುದಿಲ್ಲ.

ಸೈಡ್ ಕವರ್ ತೆಗೆದರೆ ಫಿಲ್ಟರ್ ಡಬ್ಬಿ ಸಿಗುತ್ತದೆ. ಒಳಗಿರುವುದು ಸ್ಪಂಜೋ ಕಾಗದವೋ ಮೊದಲು ನೋಡಿ. ಸ್ಪಂಜಾದರೆ ಸೀಮೆಎಣ್ಣೆಯಲ್ಲಿ ಅಥವಾ ಸೋಪು ನೀರಿನಲ್ಲಿ ತೊಳೆದು, ಹಿಂಡಿ (ಬಟ್ಟೆಯಂತೆ ತಿರುಚಬೇಡಿ, ಹರಿಯುತ್ತದೆ), ನೆರಳಲ್ಲಿ ಪೂರಾ ಒಣಗಿಸಬೇಕು. ಆಮೇಲೆ ಗಾಡಿಯ ಪುಸ್ತಕದಲ್ಲಿ ಹೇಳಿರುವ ಎಣ್ಣೆ ಹಚ್ಚಿ, ಹೆಚ್ಚಾದದ್ದನ್ನು ಹಿಂಡಿ ತೆಗೆಯಬೇಕು. ಧೂಳು ಅಂಟಿಕೊಳ್ಳುವುದು ಆ ಎಣ್ಣೆಗೇ. ಪೆಟ್ರೋಲಿನಲ್ಲಿ ಮಾತ್ರ ತೊಳೆಯಬೇಡಿ. ಅದರ ಆವಿ ಹಿತ್ತಲಿನಿಂದ ಒಲೆಯವರೆಗೂ ಬರಬಹುದು. ಸೀಮೆಎಣ್ಣೆ ಬಳಸಿದರೂ ಬೆಂಕಿಯಿಂದ ದೂರವೇ ಇರಿ.

ಕಾಗದದ ಫಿಲ್ಟರಿಗೆ ನೀರು ತಾಗಿಸಲೇಬಾರದು. ಒಣ ಕಾಗದವಾದರೆ ಮೆಲ್ಲಗೆ ತಟ್ಟಿ ಧೂಳು ಉದುರಿಸಬಹುದು. ಎಣ್ಣೆ ಹಚ್ಚಿ ಬರುವ ಕಾಗದವನ್ನು ತೊಳೆಯುವುದೂ ಇಲ್ಲ, ಗಾಳಿ ಹೊಡೆಯುವುದೂ ಇಲ್ಲ. ಕೊಳೆಯಾದರೆ ಹೊಸದೇ ಹಾಕಬೇಕು. ಪುಸ್ತಕದಲ್ಲಿ ಬರೆದಿರುವ ಕಿಲೋಮೀಟರ್ ಸಾಮಾನ್ಯ ರಸ್ತೆಗೆ. ಧೂಳಿನ ಊರಿನಲ್ಲಿ ಅದಕ್ಕಿಂತ ಮೊದಲೇ ನೋಡಬೇಕು.

ಹೊಸದನ್ನು ಹಾಕುವ ಮುಂಚೆ ಎಂಜಿನ್ ಕಡೆಯ ಬಾಯಿಗೆ ಶುದ್ಧ ಬಟ್ಟೆ ಇಟ್ಟು ಡಬ್ಬಿಯ ಒಳಗೆ ಒರೆಸಿ. ಬಟ್ಟೆ ತೆಗೆಯುವುದನ್ನು ಮರೆಯಬೇಡಿ! ಫಿಲ್ಟರಿನ ಅಂಚು ಸುತ್ತಲೂ ಸರಿಯಾಗಿ ಕೂರಬೇಕು. ಸಂದು ಉಳಿದರೆ ಜರಡಿ ಇದ್ದೂ ಇಲ್ಲದಂತೆ.

ಇನ್ನು ರಬ್ಬರ್ ಪೈಪು. ಎಂಜಿನ್ ಆರಿಸಿ, ತಣ್ಣಗಾದ ಮೇಲೆ, ಟಾರ್ಚ್ ಹಿಡಿದು ಬೆರಳಿನಿಂದ ಸ್ವಲ್ಪ ಬಾಗಿಸಿ ನೋಡಿ. ಹಳೆಯ ರಬ್ಬರ್ ಗಟ್ಟಿಯಾಗಿ ಮಡಿಕೆಯಲ್ಲೇ ಸೀಳುತ್ತದೆ, ಸುಮ್ಮನೆ ನೋಡಿದರೆ ಕಾಣುವುದಿಲ್ಲ. ಕ್ಲಿಪ್ಪು ಬಿಗಿಯಾಗಿದೆಯೇ ನೋಡಿ. ಸೀಳಿದ್ದರೆ ಟೇಪು ಸುತ್ತಬೇಡಿ, ಪಂಕ್ಚರ್ ಸೊಲ್ಯೂಷನ್ ಹಚ್ಚಬೇಡಿ, ಬದಲಿಸಿ. ಕಾರ್ಬೊರೇಟರ್ ಮತ್ತು ಎಂಜಿನ್ ನಡುವೆ ಇರುವ ಜೋಡಣೆಯಲ್ಲಿ ಗಾಳಿ ಸೋರಿದರೆ ಗಾಡಿ ನಿಂತಲ್ಲೇ ಜೋರಾಗಿ ಕೂಗುವುದು, ಇಲ್ಲವೇ ಪದೇ ಪದೇ ಆಫ್ ಆಗುವುದು. ಇದನ್ನು ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ.

ಕೆಲವು ಹುಡುಗರು ಪಿಕಪ್ ಬರುತ್ತದೆಂದು ಫಿಲ್ಟರನ್ನೇ ಕಿತ್ತು ಓಡಿಸುತ್ತಾರೆ. ನಿಮ್ಮ ಮಗನೂ ಹಾಗೆ ಮಾಡಿದ್ದರೆ ಆ ತಾಯಿಯ ಸಾಲದ ಕತೆ ಹೇಳಿ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ನಿಯಮ ಬಂದ ಮೇಲೆ ಬಹುತೇಕ ಹೊಸ ಬೈಕುಗಳಿಗೆ ಕಾರ್ಬೊರೇಟರ್ ಬದಲು ಫ್ಯೂಯಲ್ ಇಂಜೆಕ್ಷನ್ ಬಂದಿದೆ. ಆದರೂ ಫಿಲ್ಟರ್ ಅವಕ್ಕೂ ಇದೆ.

ಇನ್ನು ಮುಂದೆ ಎಂಜಿನ್ ಕೆಲಸಕ್ಕೆ ಸಾಲದ ಅರ್ಜಿ ಬಂದರೆ, ಫಿಲ್ಟರ್ ಮತ್ತು ರಬ್ಬರ್ ಪೈಪು ನೋಡಿದ್ದಾರೆಯೇ ಎಂದು ಸಂಘದ ಪ್ರತಿನಿಧಿಗಳು ಕೇಳಿರಿ. ಬದಲಿಸಿದ ಹಳೆಯ ಸಾಮಾನನ್ನು ಮೆಕ್ಯಾನಿಕ್‌ನಿಂದ ಕೇಳಿ ಪಡೆದು ಸಭೆಗೆ ತರಲಿ. ಮುಂದಿನ ವಾರ ಬರುವಾಗ ಪ್ರತಿಯೊಬ್ಬರೂ ನಿಮ್ಮ ಮನೆಯ ಗಾಡಿಯ ಫಿಲ್ಟರ್ ಕೊನೆಯ ಸಲ ಬದಲಿಸಿದ್ದು ಯಾವಾಗ ಎಂದು ಕೇಳಿಕೊಂಡು ಬನ್ನಿ.