ಬೊಳುವಾರರ ಮಕ್ಕಳ ಸಾಹಿತ್ಯ: ಒಂದು ಟಿಪ್ಪಣಿ

1951ರಲ್ಲಿ ಪುತ್ತೂರಿನಲ್ಲಿ ಜನಿಸಿದ ಬೊಳುವಾರು ಮಹಮದ್ ಕುಂಞಿ ಅವರನ್ನು ಕನ್ನಡ ವಿಮರ್ಶೆಯು ಮುಖ್ಯವಾಗಿ ಮುತ್ತುಪ್ಪಾಡಿಯೆಂಬ ಕಲ್ಪಿತ ಊರಿನ ಮುಸ್ಲಿಂ ಬದುಕಿನ ಕಥನಕಾರರೆಂದು ಗುರುತಿಸಿದೆ. ‘ತಟ್ಟು ಚಪ್ಪಾಳೆ ಪುಟ್ಟ ಮಗು’ ಎಂಬ ಶಿಶುಗೀತೆಗಳ ಸಂಕಲನವನ್ನು ಸಂಪಾದಿಸಿದ ಅವರ ಮಕ್ಕಳ ಸಾಹಿತ್ಯವು ಈ ಚರ್ಚೆಯ ಅಂಚಿನಲ್ಲಿಯೇ ಉಳಿದಿದೆ. ಆದರೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಮನ್ನಣೆ ಅವರಿಗೆ ಮೊದಲು ದೊರೆತದ್ದು ಮಕ್ಕಳ ಕೃತಿಗೆ. ‘ಪಾಪು ಗಾಂಧಿ ಗಾಂಧಿ ಬಾಪು ಆದ ಕತೆ’ಯು 2010ರ ಬಾಲಸಾಹಿತ್ಯ ಪುರಸ್ಕಾರವನ್ನು ಪಡೆಯಿತು, ‘ಸ್ವಾತಂತ್ರ್ಯದ ಓಟ’ ಕಾದಂಬರಿಗೆ ಅಕಾಡೆಮಿ ಪ್ರಶಸ್ತಿ ಬಂದದ್ದು 2016ರಲ್ಲಿ.

ಮೊದಲ ಕೃತಿಯ ಶೀರ್ಷಿಕೆಯೇ ಅದರ ದೃಷ್ಟಿಯನ್ನು ಸೂಚಿಸುತ್ತದೆ. ಅಘೋಷ ಪಕಾರವು ಘೋಷ ಬಕಾರವಾದೊಡನೆ ಕೂಸು ತಂದೆಯಾಗುತ್ತದೆ. ಮಹಾತ್ಮನು ಹುಟ್ಟಿನಿಂದಲೇ ಮಹಾತ್ಮನಲ್ಲ, ಆಗುತ್ತ ಹೋದವನು ಎಂಬ ಅರಿವು ಇಲ್ಲಿದೆ. ರಾಷ್ಟ್ರದ ಚರಿತ್ರೆಯನ್ನು ಸಾಮಾನ್ಯನೊಬ್ಬನ ಬದುಕಿನ ಮೂಲಕ ನೋಡುವ ‘ಸ್ವಾತಂತ್ರ್ಯದ ಓಟ’ಕ್ಕೂ ಈ ದೃಷ್ಟಿಗೂ ನಂಟಿದೆ. ಆದ್ದರಿಂದ ಮಕ್ಕಳ ಕೃತಿಯನ್ನು ಬದಿಗಿರಿಸಿ ಬೊಳುವಾರರ ಕಥನವನ್ನು ವಿವೇಚಿಸಿದರೆ ಆ ವಿವೇಚನೆ ಅಪೂರ್ಣವಾಗುತ್ತದೆ.