ಅಂಗಳದ ನಲ್ಲಿಗೆ ಹತ್ತು ನಿಮಿಷ

ಹೊಸ ಮನೆಗೆ ಬಂದವರು ಅಡುಗೆಮನೆಯ ನಲ್ಲಿ ತಿರುಗಿಸಿ ನೋಡುತ್ತಾರೆ, ಬಚ್ಚಲಿನದನ್ನೂ ನೋಡುತ್ತಾರೆ. ಹೊರಗೋಡೆಯಲ್ಲಿ ಮೊಣಕಾಲೆತ್ತರಕ್ಕಿರುವ ಅಂಗಳದ ನಲ್ಲಿಯ ನೆನಪು ಯಾರಿಗೂ ಬರುವುದಿಲ್ಲ. ಅದು ಸೋರಿದರೂ ನೀರು ಸದ್ದಿಲ್ಲದೆ ಮಣ್ಣಿಗಿಳಿಯುತ್ತದೆ. ಅದನ್ನು ಪರೀಕ್ಷಿಸುವ ಬಗೆಯನ್ನು ನಿಧಾನವಾಗಿ ಹೇಳುತ್ತೇನೆ. ಒಂದು ಒಣಬಟ್ಟೆ, ಒಂದು ಲೋಟ ಇದ್ದರೆ ಸಾಕು.

ಈ ನಲ್ಲಿಗೆ ನೀರು ಬರುವುದು ಮೇಲಿನ ಟ್ಯಾಂಕಿನಿಂದಲೋ, ಬೀದಿಯ ಲೈನಿನಿಂದ ನೇರವಾಗಿಯೋ? ಬೀದಿಯಲ್ಲಿ ನೀರು ಬಿಡದ ದಿನ ತಿರುಗಿಸಿ ನೋಡಿ. ಆಗಲೂ ಧಾರಾಳವಾಗಿ ಬಂದರೆ ಟ್ಯಾಂಕಿನದು. ಈ ನಲ್ಲಿಯ ನೀರನ್ನು ನಿಲ್ಲಿಸುವ ವಾಲ್ವ್ ಎಲ್ಲಿದೆಯೆಂದೂ ಈಗಲೇ ಹುಡುಕಿಟ್ಟುಕೊಳ್ಳಿ.

ಇನ್ನು ನಲ್ಲಿಯನ್ನು ಮುಚ್ಚಿ, ಬಟ್ಟೆಯಿಂದ ಪೂರ್ತಿ ಒರೆಸಿ, ಐದು ನಿಮಿಷ ಬಿಟ್ಟು ಬನ್ನಿ. ಬಾಯಿಂದ ಹನಿ ತೊಟ್ಟಿಕ್ಕುತ್ತಿದ್ದರೆ, ಹಳೆಯ ತಿರುಪಿನ ನಲ್ಲಿಯಲ್ಲಿ ಅದು ಹೆಚ್ಚಾಗಿ ಒಳಗಿನ ವಾಷರ್ ಸವೆದಿರುವ ಗುರುತು. ಆಮೇಲೆ ನೀರು ಬಿಟ್ಟು ಬಾಯಿಗೆ ಹೆಬ್ಬೆರಳು ಒತ್ತಿ ಹಿಡಿಯಿರಿ. ಹಿಡಿಯ ಕೆಳಗೆ, ಕುತ್ತಿಗೆಯ ಬಳಿ ನೀರು ಜಿನುಗಿದರೆ ದೋಷ ಸ್ಪಿಂಡಲ್ ಸುತ್ತಲಿನ ಪ್ಯಾಕಿಂಗ್‌ನದು. ಗೋಡೆಗೆ ಸೇರುವಲ್ಲಿ ಒದ್ದೆಯಾದರೆ ತಿರುಪಿಗೆ ಸುತ್ತಿದ ಟೆಫ್ಲಾನ್ ಟೇಪು ಬಿಟ್ಟಿದೆ, ಇಲ್ಲವೇ ಜಾಯಿಂಟ್ ಸಡಿಲಾಗಿದೆ. ಯಾವ ಜಾಗವೆಂದು ನೀವೇ ತೋರಿಸಿದರೆ ಪ್ಲಂಬರನ ಅರ್ಧ ಕೆಲಸ ಮುಗಿದಂತೆ.

ಸೋರುವ ನಲ್ಲಿಯನ್ನು ಶಕ್ತಿ ಹಾಕಿ ಬಿಗಿಯುವವರನ್ನು ಎಲ್ಲೆಡೆ ಕಾಣುತ್ತೇವೆ. ದಯವಿಟ್ಟು ಹಾಗೆ ಮಾಡಬೇಡಿ. ಸವೆದ ವಾಷರನ್ನು ಹಿಚುಕಿದಷ್ಟೂ ಅದು ಕೂರುವ ಹಿತ್ತಾಳೆಯ ಅಂಚು ಹಾಳಾಗುತ್ತದೆ. ಅಗ್ಗದ ವಾಷರಿನಲ್ಲಿ ಮುಗಿಯುವ ರಿಪೇರಿಗೆ ನಲ್ಲಿಯನ್ನೇ ಬದಲಿಸಬೇಕಾಗುತ್ತದೆ. ಬಾಯಿಗೆ ಚಿಂದಿ ಕಟ್ಟಿದರೆ ಸದ್ದು ನಿಲ್ಲುತ್ತದೆ, ನೀರು ನಿಲ್ಲುವುದಿಲ್ಲ. ಎಷ್ಟು ಪೋಲಾಗುತ್ತಿದೆಯೆಂದು ತಿಳಿಯಲು ಹನಿಯ ಕೆಳಗೆ ಲೋಟ ಇಡಿ. ಸುಮಾರು 20 ಹನಿಗೆ ಒಂದು ಮಿಲಿಲೀಟರ್. ಸೆಕೆಂಡಿಗೆ ಒಂದು ಹನಿಯಾದರೂ ದಿನಕ್ಕೆ 4 ಲೀಟರಿಗೂ ಹೆಚ್ಚು, ತಿಂಗಳಿಗೆ ಸುಮಾರು 130 ಲೀಟರ್. ಇದು ಸುಲಭಕ್ಕೆ ಸಿಗುವ ನೀರಲ್ಲ: ಬೆಂಗಳೂರಿನ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಪಂಪುಗಳ ಬಲದಲ್ಲಿ ಎತ್ತರ ಹತ್ತಿ ಬರುತ್ತದೆ. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದರೆ, ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡವೆಂದು ಅಲ್ಲಿನ ಜಲಮಂಡಳಿ ಹೇಳಬೇಕಾಯಿತು.

ನಲ್ಲಿಯನ್ನು ಮೆಲ್ಲಗೆ ಅಲುಗಾಡಿಸಿ. ಕೊಳವೆಯೂ ಸೇರಿ ಅಲುಗಿದರೆ ಹಿಡಿದಿಡಲು ಕ್ಲಾಂಪ್ ಇಲ್ಲವೆಂದರ್ಥ. ಗಾರ್ಡನ್ ಪೈಪನ್ನು ಎಳೆದಾಗಲೆಲ್ಲ ಗೋಡೆಯೊಳಗಿನ ಎಲ್ಬೋ, ಅಂದರೆ ಬಾಗಿದ ಜಾಯಿಂಟಿನ ಮೇಲೆ ಭಾರ ಬೀಳುತ್ತದೆ. ಎರಡು ದಿನ ನಲ್ಲಿ ಬಳಸದಿದ್ದರೂ ಗೋಡೆಯ ಬುಡದ ಪಾಚಿ ಹಸಿರಾಗೇ ಇದ್ದರೆ, ಬಣ್ಣ ಉಬ್ಬಿದ್ದರೆ, ಸೋರಿಕೆ ಗೋಡೆಯೊಳಗೇ ಇರಬಹುದು. ಪ್ಲಾಸ್ಟಿಕ್ ಕೊಳವೆ ಬಿಸಿಲಿಗೆ ತೆರೆದಿದ್ದರೆ ವರ್ಷಗಳಲ್ಲಿ ಪೆಡಸಾಗುತ್ತದೆ, ಮುಚ್ಚಿಡಿ. ಬೋರ್‌ವೆಲ್ ನೀರಾದರೆ ನಲ್ಲಿಯ ಬಾಯಲ್ಲಿ ಬಿಳಿ ಪದರ ಕಟ್ಟಬಹುದು. ವಿನಿಗರ್‌ನಲ್ಲಿ ನೆನೆಸಿದ ಬಟ್ಟೆ ಸುತ್ತಿಟ್ಟು ಉಜ್ಜಿದರೆ ಬಿಡುತ್ತದೆ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಬೀದಿಯ ಲೈನಿನ ನಲ್ಲಿಗೆ ಪೈಪು ಸಿಕ್ಕಿಸಿ, ಅದರ ತುದಿಯನ್ನು ಸೋಪಿನ ಬಕೆಟ್ಟಿನಲ್ಲಿ ಮುಳುಗಿಸಿ ಹೋಗಬೇಡಿ. ನಲ್ಲಿ ತೆರೆದಿರುವಾಗಲೇ ಬೀದಿಯಲ್ಲಿ ನೀರು ನಿಂತರೆ, ತಗ್ಗಿನತ್ತ ಇಳಿಯುವ ನೀರು ಹಿಂದಿನದನ್ನು ಎಳೆಯುತ್ತದೆ. ಬಕೆಟ್ಟಿನ ಕೊಳಕು ಕುಡಿಯುವ ನೀರಿನ ಕೊಳವೆಗೆ ಸೇರಬಹುದು. ನೀರು ತುಂಬುವಾಗ ಪೈಪಿನ ತುದಿ ಬಕೆಟ್ಟಿನ ಅಂಚಿಗಿಂತ ಒಂದು ಗೇಣು ಮೇಲಿರಲಿ. ಕೆಲಸ ಮುಗಿದೊಡನೆ ನಲ್ಲಿ ಮುಚ್ಚಿ, ಪೈಪು ಬಿಚ್ಚಿ ಸುತ್ತಿಡಿ.